ಸಿಮೆಂಟ್ ಹಾಕಬಾರದು

ಪೀತಮ್‌ಪುರ
4 ಫೆಬ್ರುವರಿ 2024

ಪ್ರೀತಿಯ ಜೀವಿತಾ,

ಈ ಕಾಗದ ನೋಡಿ ನಿನಗೆ ಆಶ್ಚರ್ಯವಾಗಬಹುದು. ಬೇಸರವಾದರೆ ಉತ್ತರ ಬರೆಯಬೇಡ, ನಾನು ತಪ್ಪು ತಿಳಿಯುವುದಿಲ್ಲ. ನಮ್ಮ ಮಾಚಯ್ಯನ ಹೆಂಡತಿ ನಿನ್ನನ್ನು ಮಯೂರ್ ವಿಹಾರ್ ಮಾರ್ಕೆಟ್ಟಿನಲ್ಲಿ ನೋಡಿದಳಂತೆ. ನೀನು ಹಾಲೆಂಡಿನಿಂದ ದೆಹಲಿಗೇ ವಾಪಸು ಬಂದಿದ್ದೀ, ತವರು ತಿಪಟೂರಿಗೆ ಹೋಗಲಿಲ್ಲ ಎಂದು ಗೊತ್ತಾದದ್ದು ಹಾಗೆ. ವಿಳಾಸವನ್ನೂ ಅವಳೇ ಕೊಟ್ಟಳು.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯೇನೋ. ಗುಡ್ಡ ಸಿಡಿಸಿ ರಸ್ತೆ ಮಾಡುವ ಪಲ್ಟನ್ನಿನಲ್ಲಿ ಮೂವತ್ತು ವರ್ಷ ಇದ್ದವನ ಕಿವಿ ಹೇಗಿದೆ ಎಂದು ನಿನಗೆ ಗೊತ್ತೇ ಇದೆ, ಈಗ ಇನ್ನೂ ಹಾಳಾಗಿದೆ. ಮಷೀನು ಹಾಕಿಕೊಂಡರೆ ಪಕ್ಕದ ಮನೆಯ ಕುಕ್ಕರ್ ಕೇಳುತ್ತದೆ, ಎದುರಿಗೆ ಕೂತವರ ಮಾತು ಕೇಳುವುದಿಲ್ಲ. ವಾಟ್ಸಾಪಿನಲ್ಲಿ ಜನ ಬೆಳಗಾದರೆ ಹೂವಿನ ಚಿತ್ರ ಕಳಿಸುತ್ತಾರೆ. ಮನುಷ್ಯರ ಜೊತೆ ಮಾತಾಡಬೇಕಾದರೆ ನನಗೆ ಕಾಗದವೇ ಸರಿ. ಒಂದೇ ಊರಿನ ಈ ತುದಿಯಿಂದ ಆ ತುದಿಗೆ ಕಾಗದ ಬರೆಯುವವನು ನಾನೊಬ್ಬನೇ ಇರಬೇಕು.

ನೀನೂ ತನ್ಮಯ್‌ನೂ ಬೇರೆಯಾಗಿ ವರ್ಷ ಕಳೆಯಿತು. ಏನಾಯಿತು ಎಂದು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ನಿನ್ನನ್ನೂ ಕೇಳುವುದಿಲ್ಲ. ನಾನು ಬರೆಯುತ್ತಿರುವುದು ನಿನ್ನ ಅತ್ತೆಗೆ ಗೊತ್ತು. ಅವಳಿಗೆ ನಿನ್ನ ಮೇಲೆ ಸಿಟ್ಟಿದೆ, ಅದನ್ನು ಮುಚ್ಚಿಡುವುದಿಲ್ಲ. ಮಗನನ್ನು ಬಿಟ್ಟಳು ಎಂದಷ್ಟೇ ಅಲ್ಲ, ತನಗೆ ಒಂದು ಮಾತು ಹೇಳದೆ ಹೋದಳು ಎಂದು.

ಊಟ ತಿಂಡಿ ಸರಿಯಾಗಿ ಮಾಡುತ್ತಿದ್ದೀಯಾ? ಏನು ಕೆಲಸ ಹಿಡಿದಿದ್ದೀ? ಇಷ್ಟು ತಿಳಿದರೆ ಸಾಕು.

ನಿನ್ನ ಮಾವ,
ಕರುಂಬಯ್ಯ


ಮಯೂರ್ ವಿಹಾರ್
19 ಫೆಬ್ರುವರಿ 2024

ಮಾವ,

ನಿಮ್ಮ ಕಾಗದ ಬಂದ ದಿನ ಅದನ್ನು ಒಡೆಯದೆ ಸುಮಾರು ಹೊತ್ತು ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ. ಆ ದಪ್ಪ ದಪ್ಪ ಅಕ್ಷರ ದೂರದಿಂದಲೇ ಗುರುತು ಸಿಕ್ಕಿತು. ಬೇಸರ ಆಗಲಿಲ್ಲ. ಬಹಳ ಸಂತೋಷವಾಯಿತು.

ಊಟ ಸರಿಯಾಗಿದೆ. ಕೆಲಸ ಕೇಳಿದರೆ ನೀವು ನಗುತ್ತೀರಿ. ನೋಯ್ಡಾದ ಒಂದು ಕಂಪನಿ ಡಚ್ಚರ ಇಟ್ಟಿಗೆ ರಸ್ತೆಗಳನ್ನು ಇಲ್ಲಿಗೆ ತರಲು ಹೊರಟಿದೆ. ಅಲ್ಲಿನ ಕೈಪಿಡಿ ಡಚ್ ಭಾಷೆಯಲ್ಲಿದೆ. ಅದನ್ನು ಇಂಗ್ಲಿಷಿಗೆ ತರುವುದು ನನ್ನ ಕೆಲಸ. ಕಟ್ಟಡದ ಪದ, ನೆಲಗಟ್ಟಿನ ಪದ, ಮರಳಿನ ಹತ್ತು ಜಾತಿ, ಇಟ್ಟಿಗೆ ಜೋಡಿಸುವ ಹತ್ತು ಬಗೆ. ಡಚ್ ಓದಿಕೊಂಡವರು ದೆಹಲಿಯಲ್ಲಿ ಬೇಕಾದಷ್ಟು ಜನ ಇದ್ದಾರೆ, ಆದರೆ ಅಂಚುಕಲ್ಲಿಗೆ ಏನಂತಾರೆ ಎಂದು ಗೊತ್ತಿರುವವರು ಸಿಗಲಿಲ್ಲವಂತೆ.

ನನಗೆ ಹೇಗೆ ಗೊತ್ತು ಅಂದರೆ, ಉಟ್ರೆಕ್ಟಿನಲ್ಲಿ ನಮ್ಮ ಮನೆಯ ಮುಂದಿನ ರಸ್ತೆಯನ್ನು ಒಂದು ಚಳಿಗಾಲ ಪೂರ್ತಿ ಬಿಚ್ಚಿ ಮತ್ತೆ ಹಾಸಿದರು. ಆ ವರ್ಷ ನಾನು ಮನೆಯಿಂದ ಹೆಚ್ಚು ಹೊರಗೆ ಹೋಗುತ್ತಿರಲಿಲ್ಲ. ಅಡುಗೆಮನೆಯ ಕಿಟಕಿಯ ಹತ್ತಿರ ಕೂತು ಅದನ್ನೇ ನೋಡುತ್ತಿದ್ದೆ. ಆ ಕೆಲಸದವನಿಗೆ ಅಲ್ಲಿ ಸ್ಟ್ರಾಟ್‌ಮಾಕರ್ ಎನ್ನುತ್ತಾರೆ, ರಸ್ತೆ ಮಾಡುವವನು ಎಂದು. ಮೊಣಕಾಲಿಗೆ ಮೆತ್ತೆ ಕಟ್ಟಿಕೊಂಡು ಮರಳಿನ ಮೇಲೆ ಮಂಡಿಯೂರಿ, ಒಂದೊಂದೇ ಇಟ್ಟಿಗೆ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಿದ್ದ. ಹಳೆಯ ಇಟ್ಟಿಗೆಯನ್ನು ಎಸೆಯುವುದಿಲ್ಲ ಮಾವ. ಸವೆದ ಮುಖ ಕೆಳಗೆ ಮಾಡಿ, ಹೊಸ ಮುಖ ಮೇಲೆ ಮಾಡಿ ಮತ್ತೆ ಇಡುತ್ತಾರೆ. ಅಷ್ಟು ಚಂದದ ಕೆಲಸವನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಒಂದು ದಿನ ಚಹಾ ತೆಗೆದುಕೊಂಡು ಹೋಗಿ ಇದಕ್ಕೆ ಏನಂತೀರಿ, ಅದಕ್ಕೆ ಏನಂತೀರಿ ಎಂದು ಕೇಳಿದೆ. ಆಮೇಲೆ ದಿನಾ ಕೇಳಿದೆ. ಅವನಿಗೂ ಖುಷಿ, ಕೇಳುವವರು ಸಿಕ್ಕಿದರಲ್ಲ ಎಂದು.

ಉರುಟು ಕಲ್ಲು ಹಾಸಿದರೆ ಅದಕ್ಕೆ ಅವರು ಮಕ್ಕಳ ತಲೆ ಎನ್ನುತ್ತಾರೆ. ಅಂಚಿನಲ್ಲಿ ಕೂರಿಸುವ ಐದು ಮೂಲೆಯ ಕಲ್ಲಿಗೆ ಬಿಷಪ್ಪನ ಟೋಪಿ. ನಡು ಉಬ್ಬಿ ಎರಡೂ ಕಡೆ ಇಳಿಯುವ ರಸ್ತೆ ಪೀಪಾಯಿಯಂತೆ ದುಂಡು. ಒಂದೇ ಕಡೆ ಇಳಿಜಾರಿರುವ ರಸ್ತೆ ಒಂದು ಕಿವಿಯ ಮೇಲೆ ಮಲಗಿದೆಯಂತೆ. ಇಂಗ್ಲಿಷಿಗೆ ಬರುವಾಗ ಮಕ್ಕಳ ತಲೆಯೂ ಹೋಗುತ್ತದೆ, ಕಿವಿಯೂ ಹೋಗುತ್ತದೆ, ಎಂಜಿನಿಯರಿಗೆ ಬೇಕಾದ ಒಣ ಪದ ಮಾತ್ರ ಉಳಿಯುತ್ತದೆ. ಅದಕ್ಕೇ ನಿಮಗಾದರೂ ಬರೆಯೋಣ ಅನ್ನಿಸಿತು.

ಅತ್ತೆಯ ಮಂಡಿನೋವು ಹೇಗಿದೆ?

ನಿಮ್ಮ,
ಜೀವಿತಾ


ಪೀತಮ್‌ಪುರ
10 ಮಾರ್ಚ್ 2024

ಪ್ರೀತಿಯ ಜೀವಿತಾ,

ಕಾಗದವನ್ನು ಎರಡು ಸಲ ಓದಿದೆ. ಒಂದು ಕಿವಿಯ ಮೇಲೆ ಮಲಗಿದ ರಸ್ತೆ ನನಗೆ ಬಹಳ ಹಿಡಿಸಿತು. ನಾವು ಬೆಟ್ಟದ ಕಡೆ ಮಾಡಿದ ರಸ್ತೆಗಳೆಲ್ಲ ಹಾಗೇ ಇದ್ದವು, ನೀರು ಪ್ರಪಾತದ ಕಡೆ ಹೋಗದೆ ಬೆಟ್ಟದ ಕಡೆಯ ಚರಂಡಿಗೆ ಹೋಗಲಿ ಎಂದು. ಆದರೆ ಅದಕ್ಕೆ ಕಿವಿ ಇದೆ ಎಂದು ಯಾರಿಗೂ ಹೊಳೆದಿರಲಿಲ್ಲ. ನನ್ನ ಕಿವಿ ಹೋಗಿದ್ದೂ ಅಲ್ಲೇ ಎನ್ನುವುದು ಬೇರೆ ಮಾತು.

ನಾನು ಒಬ್ಬನೇ ನಗುತ್ತಿದ್ದುದನ್ನು ನೋಡಿ ನಿನ್ನ ಅತ್ತೆ ಚಿಣ್ಣಮ್ಮ ಅಡುಗೆಮನೆಯಿಂದ ಬಂದಳು. ಮಕ್ಕಳ ತಲೆಯ ವಿಷಯ ಓದಿ ಹೇಳಿದೆ. "ಅದರ ಮೇಲೆ ನಡೆಯಲಿಕ್ಕೆ ಅವರಿಗೆ ಮನಸ್ಸು ಹೇಗೆ ಬರುತ್ತದೆ" ಎಂದು ಕೇಳಿ ಒಳಗೆ ಹೋದಳು. ಯಾರ ಕಾಗದ ಎಂದು ಕೇಳಲಿಲ್ಲ. ಪೋಸ್ಟ್‌ಮ್ಯಾನ್ ಭಯ್ಯಾನ ಕೈಯಿಂದ ತೆಗೆದುಕೊಂಡು ಮೇಜಿನ ಮೇಲಿಟ್ಟವಳು ಅವಳೇ. ಮಂಡಿನೋವು ಹಾಗೇ ಇದೆ. ನೀನು ಕೇಳಿದ್ದೀ ಎಂದೆ. ಹೂಂ ಎಂದಳು.

ಒಂದು ವಿಷಯ ಬೇರೆಯವರಿಂದ ತಿಳಿಯುವುದಕ್ಕಿಂತ ನನ್ನಿಂದ ತಿಳಿಯಲಿ. ತನ್ಮಯ್‌ಗೆ ಮದುವೆ ಗೊತ್ತಾಗಿದೆ. ಹುಡುಗಿಯ ಹೆಸರು ಧನ್ಯಾ, ಅವನ ಹಾಗೆ ಹಾಲೆಂಡಿನಲ್ಲೇ ಕೆಲಸದಲ್ಲಿದ್ದಾಳೆ. ಡಿಸೆಂಬರ್ ಕೊನೆಗೆ ದೆಹಲಿಯಲ್ಲೇ ಮದುವೆ. ಮದುವೆಯಾದ ಮೇಲೆ ಈ ಕಾಗದಗಳು ನಿಲ್ಲಬೇಕು ಎಂದು ಚಿಣ್ಣಮ್ಮ ಹೇಳುತ್ತಾಳೆ. ಹೊಸದಾಗಿ ಬಂದ ಹುಡುಗಿ ಮನೆಯ ಮೇಜಿನ ಮೇಲೆ ನಿನ್ನ ಅಕ್ಷರ ನೋಡಬಾರದು, ಅದು ಅವಳಿಗೆ ಮಾಡುವ ಅನ್ಯಾಯ ಎಂದು ಅವಳ ವಾದ. ಅವಳ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಆದರೂ ನನಗೆ ಸಮಾಧಾನವಿಲ್ಲ.

ಅಲ್ಲಿಯವರೆಗೆ ಬರೆಯುತ್ತಿರು.

ನಿನ್ನ ಮಾವ,
ಕರುಂಬಯ್ಯ


ಮಯೂರ್ ವಿಹಾರ್
28 ಏಪ್ರಿಲ್ 2024

ಮಾವ,

ತಡವಾಯಿತು. ಕೆಲಸ ಜೋರಾಗಿದೆ, ಬಿಸಿಲೂ ಜೋರಾಗಿದೆ.

ಕೈಪಿಡಿಯ ಇಂಗ್ಲಿಷ್ ಮುಗಿಯಿತು. ಸುಮ್ಮನೆ ಅಚ್ಚು ಹಾಕುವುದು ಬೇಡ, ಅದನ್ನು ಓದಿ ನಮ್ಮ ಕೆಲಸಗಾರರು ಒಂದು ರಸ್ತೆ ಹಾಸಲಿ, ಮಳೆಗಾಲದಲ್ಲಿ ಅದು ನಿಂತರೆ ಮುಂದಿನ ಮಾತು ಎಂದು ಕಂಪನಿಯವರು ತೀರ್ಮಾನ ಮಾಡಿದ್ದಾರೆ. ನೋಯ್ಡಾದಲ್ಲಿ ಅವರದೇ ತರಬೇತಿ ಕೇಂದ್ರದ ಹಿಂದೆ ಒಂದು ಓಣಿ ಇದೆ. ಡಚ್ಚರು ಯಾರೂ ಬರುವುದಿಲ್ಲ. ಪುಸ್ತಕವೇ ಮೇಷ್ಟ್ರು. ಇಂಗ್ಲಿಷನ್ನು ಸೈಟ್ ಎಂಜಿನಿಯರ್ ಓದಿ ಹಿಂದಿಯಲ್ಲಿ ಹೇಳುತ್ತಾನೆ, ಮೇಸ್ತ್ರಿ ಬಸವರಾಜ ಅದನ್ನು ಕೆಲಸದವರಿಗೆ ಹೇಳುತ್ತಾನೆ. ಬಸವರಾಜ ರಾಯಚೂರಿನ ಕಡೆಯವನು, ಇಪ್ಪತ್ತು ವರ್ಷದಿಂದ ಇಲ್ಲಿದ್ದಾನೆ. ನಾನು ಕನ್ನಡದವಳು ಎಂದು ತಿಳಿದ ದಿನ ಇಡೀ ಸೈಟಿಗೆ ನನ್ನ ಪರಿಚಯ ಮಾಡಿಸಿದ.

ನನ್ನ ಮೇಲಿನವರು ರಘುನಂದನ್ ಎಂದು, ಮೈಸೂರಿನವರು. ಒಳ್ಳೆಯ ಮನುಷ್ಯ, ಆದರೆ ಅನುವಾದದಲ್ಲಿ ಬಹಳ ಕಟ್ಟುನಿಟ್ಟು. ಮೂಲದಲ್ಲಿ ಇರುವುದೆಲ್ಲ ಬರಬೇಕು, ಇಲ್ಲದ್ದು ಒಂದು ಅಕ್ಷರವೂ ಬರಬಾರದು. ಯಾರಾದರೂ ನಾಳೆ ಕೋರ್ಟಿಗೆ ಹೋದರೆ ಸೇರಿಸಿದ ವಾಕ್ಯಕ್ಕೆ ಯಾರು ಹೊಣೆ ಎನ್ನುತ್ತಾರೆ. ನನಗೂ ಅದು ಸರಿ ಎಂದೇ ಅನ್ನಿಸುತ್ತದೆ. ಕೈಪಿಡಿ ಬರೆದ ಡಚ್ ಮನುಷ್ಯ ಮಾತನ್ನು ಎಷ್ಟು ಹದವಾಗಿ ಬಳಸಿದ್ದಾನೆ ಎಂದರೆ, ಅದಕ್ಕೆ ಏನಾದರೂ ಸೇರಿಸಲು ಕೈಯೇ ಬರುವುದಿಲ್ಲ. ಮರಳು ಹರಡು, ಹದ ಮಾಡು, ಇಟ್ಟಿಗೆ ಇಡು, ಸಂದಿಗೆ ಮರಳು ಗುಡಿಸು, ನೀರು ಹಾಯಿಸಿ ಮರಳನ್ನು ಒಳಗೆ ಇಳಿಸು, ಯಂತ್ರದಿಂದ ಅದುರಿಸು. ಅಷ್ಟೇ.

ಮೊನ್ನೆ ಮೊದಲ ಸಾಲು ಇಟ್ಟರು. ನಾನು ಬರೆದ ವಾಕ್ಯ ನೆಲದ ಮೇಲೆ ಇಟ್ಟಿಗೆಯಾಗಿ ಕೂರುವುದನ್ನು ನೋಡುತ್ತಾ ಬಿಸಿಲಿನಲ್ಲೇ ನಿಂತುಬಿಟ್ಟೆ. ಯಾರಿಗಾದರೂ ಹೇಳಬೇಕು ಅನ್ನಿಸಿತು, ನಿಮಗೆ ಹೇಳುತ್ತಿದ್ದೇನೆ.

ಡಿಸೆಂಬರಿನ ವಿಷಯ ಓದಿದೆ. ಧನ್ಯಾ ಚೆನ್ನಾಗಿರಲಿ.

ನಿಮ್ಮ,
ಜೀವಿತಾ


ಮಯೂರ್ ವಿಹಾರ್
13 ಜೂನ್ 2024

ಮಾವ,

ಎಡವಟ್ಟಾಗಿದೆ.

ಓಣಿಯ ಅರ್ಧ ಭಾಗ ಶನಿವಾರ ಮುಗಿದಿತ್ತು. ನಾನೇ ಹೋಗಿ ನೋಡಿ ಬಂದಿದ್ದೆ. ಇಟ್ಟಿಗೆಗಳು ಮೀನಿನ ಮುಳ್ಳಿನ ಹಾಗೆ ಒಂದಕ್ಕೊಂದು ಹೆಣೆದುಕೊಂಡು, ಸಂದಿಗಳಲ್ಲಿ ಮರಳು ತುಂಬಿಕೊಂಡು, ಎಷ್ಟು ಲಕ್ಷಣವಾಗಿತ್ತು. ಸೋಮವಾರ ಹೋದರೆ ಇಡೀ ನೆಲ ಬೂದಿ ಬಣ್ಣ. ಬಸವರಾಜ ಮೀಸೆ ತಿರುವಿಕೊಂಡು ನಿಂತಿದ್ದ.

"ಏನು ಮಾಡಿದ್ರಿ?" ಎಂದೆ.

"ಸಿಮೆಂಟ್ ಹಾಲು ಹೊಡದ್ವಿ ಮೇಡಂರೀ. ಬರೇ ಉಸುಕು ತುಂಬಿ ಹಂಗ ಬಿಟ್ರ ನೋಡ್ದವ್ರು ಏನಂತಾರ? ಕೆಲಸ ಅರ್ಧಕ್ಕ ಬಿಟ್ಟು ಓಡಿ ಹೋದ್ರು ಅಂತಾರ. ನಿಮಗ ಕೆಟ್ಟ ಹೆಸರು ಬರಬಾರದು ಅಂತ ಆಯ್ತವಾರ ಎಲ್ಲಾರೂ ಸೂಟಿ ಬಿಟ್ಟು ಬಂದು ಮಾಡ್ಯಾರ."

"ಪುಸ್ತಕದಲ್ಲಿ ಹಾಗೆ ಇಲ್ಲವಲ್ಲ ಬಸವರಾಜ."

"ಹಾಕಬ್ಯಾಡ ಅಂತನೂ ಇಲ್ಲಲ್ರೀ."

ಅವನು ವಾದಕ್ಕೆ ಹೇಳಲಿಲ್ಲ ಮಾವ, ಇದ್ದದ್ದನ್ನು ಹೇಳಿದ. ನಾನು ಅಲ್ಲೇ ನಿಂತು ಪುಸ್ತಕ ತಿರುವಿದೆ. ನಿಜಕ್ಕೂ ಇಲ್ಲ. ಡಚ್ಚಿನಲ್ಲೂ ಇಲ್ಲ. ಸಿಮೆಂಟ್ ಬಿದ್ದರೆ ನೀರು ಕೆಳಗೆ ಇಂಗುವುದಿಲ್ಲ, ಇಟ್ಟಿಗೆ ಬಿಚ್ಚಿ ಮತ್ತೆ ಹಾಸಲೂ ಬರುವುದಿಲ್ಲ ಎಂದು ಅವರಿಗೆಲ್ಲ ಗೊತ್ತು. ಅಲ್ಲಿ ಮರಳಿನ ಸಂದಿಗೆ ಯಾರೂ ಸಿಮೆಂಟ್ ಸುರಿಯುವುದಿಲ್ಲ, ಹಾಗಾಗಿ ಬೇಡ ಎಂದು ಬರೆಯುವ ಪ್ರಮೇಯವೇ ಬಂದಿಲ್ಲ. ಇಲ್ಲಿ ಸಿಮೆಂಟ್ ಬೀಳುವ ತನಕ ಕೆಲಸ ಪಕ್ಕಾ ಆಯಿತು ಎಂದು ಯಾರೂ ಒಪ್ಪುವುದಿಲ್ಲ. ಅದಕ್ಕೆ ಹಾಕು ಎಂದು ಹೇಳುವುದೂ ಬೇಕಿಲ್ಲ. ಅವರಿಗೆ ಗೊತ್ತಿದ್ದದ್ದು ಅವರು ಬರೆಯಲಿಲ್ಲ, ಇವರಿಗೆ ಗೊತ್ತಿದ್ದದ್ದು ಇವರು ಕೇಳಲಿಲ್ಲ. ಎರಡೂ ಗೊತ್ತಿದ್ದವಳು ನಾನೊಬ್ಬಳೇ.

ರಘುನಂದನ್ ಸರ್ ಹತ್ತಿರ ಹೋಗಿ, "ಸಂದಿಗೆ ಸಿಮೆಂಟ್ ಹಾಕಬಾರದು" ಎಂದು ಒಂದು ವಾಕ್ಯ ಸೇರಿಸಲು ಬಿಡಿ ಎಂದೆ. ಮೂಲದಲ್ಲಿ ಇಲ್ಲದ್ದನ್ನು ಸೇರಿಸಿದರೆ ಅದು ಅನುವಾದ ಅಲ್ಲ ಎಂದರು. ಜಗಳ ಆಡಲಿಲ್ಲ, ಮೆಲ್ಲಗೇ ಹೇಳಿದರು. ಉಳಿದ ಅರ್ಧವನ್ನು ನಾನು ಬಾಯಲ್ಲಿ ಹೇಳಿ ಬರೀ ಮರಳಿನಲ್ಲೇ ಮಾಡಿಸುತ್ತಿದ್ದೇನೆ. ಆದರೆ ಎಲ್ಲ ರಸ್ತೆಗೂ ನಾನು ಹೋಗಿ ನಿಲ್ಲಲು ಆಗುತ್ತದೆಯೇ?

ಮೂರು ದಿನದಿಂದ ನಿದ್ದೆ ಸರಿಯಿಲ್ಲ. ನೀವು ಎಷ್ಟೋ ರಸ್ತೆ ಮಾಡಿದವರು. ನೀವೇನು ಹೇಳುತ್ತೀರಿ?

ನಿಮ್ಮ,
ಜೀವಿತಾ


ಪೀತಮ್‌ಪುರ
7 ಜುಲೈ 2024

ಪ್ರೀತಿಯ ಜೀವಿತಾ,

ಉತ್ತರ ತಡವಾದದ್ದಕ್ಕೆ ಕಾರಣವಿದೆ. ನೋಡದೆ ಹೇಳುವುದು ನನಗೆ ಬರುವುದಿಲ್ಲ, ಹಾಗಾಗಿ ಹೋಗಿ ನೋಡಿ ಬಂದೆ. ಮೊದಲ ದೊಡ್ಡ ಮಳೆ ಸುರಿದು ಅರ್ಧ ದೆಹಲಿ ಮುಳುಗಿತಲ್ಲ, ಅದಾದ ಎರಡು ದಿನಕ್ಕೆ. ಮೆಟ್ರೋದಲ್ಲಿ ಎರಡು ಕಡೆ ಬದಲಾಯಿಸಿ, ಛತ್ರಿ ಹಿಡಿದುಕೊಂಡು. ನಿನಗೆ ಹೇಳಿದ್ದರೆ ನೀನು ರಜೆ ಹಾಕುತ್ತಿದ್ದೆ, ಅದು ಬೇಡವಿತ್ತು.

ಬೆಳಗ್ಗೆ ಹೊರಡುವಾಗ ಚಿಣ್ಣಮ್ಮ ಎಲ್ಲಿಗೆ ಎಂದು ಕೇಳಲಿಲ್ಲ. ಡಬ್ಬಿ ಕೊಟ್ಟಳು. ತೆಗೆದು ನೋಡಿದರೆ ಅಕ್ಕಿತರಿಯ ಉಂಡೆ, ನಮ್ಮ ಕಡಂಬುಟ್ಟು, ಇಬ್ಬರಿಗೆ ಆಗುವಷ್ಟು. ನೀನು ಅಲ್ಲಿರಲಿಲ್ಲವಾದ್ದರಿಂದ ನಿನ್ನ ಪಾಲನ್ನು ಬಸವರಾಜ ತಿಂದ. ಅವನು ನನ್ನ ಕಿವಿಗೆ ಕೂಗಿ ಕೂಗಿ ಮಾತಾಡಿದ್ದರಿಂದ ನಮ್ಮ ಸಂಭಾಷಣೆ ಸುತ್ತಲ ಕಟ್ಟಡದವರಿಗೆಲ್ಲ ತಿಳಿದಿರಬೇಕು.

ಈಗ ರಸ್ತೆಯ ಮಾತು. ಸಿಮೆಂಟಿನ ಅರ್ಧದಲ್ಲಿ ನೀರು ನಿಂತಿತ್ತು. ಮರಳಿನ ಅರ್ಧ ಒಣಗಿತ್ತು. ನಾನು ಪ್ಯಾಂಟ್ ಮಡಿಸಿ ಕೂತು ಕೈಯಿಂದ ಮುಟ್ಟಿ ನೋಡಿದೆ. ಇಟ್ಟಿಗೆ ಅಲುಗಲಿಲ್ಲ. ಡಾಂಬರು, ಕಾಂಕ್ರೀಟು, ಜಲ್ಲಿ, ಎಲ್ಲ ಬಗೆಯ ರಸ್ತೆ ನೋಡಿದ್ದೇನೆ. ಏನನ್ನೂ ಅಂಟಿಸದೆ, ಇಟ್ಟಿಗೆಗೆ ಇಟ್ಟಿಗೆಯೇ ಆಸರೆಯಾಗಿ ಇಷ್ಟು ಗಟ್ಟಿ ಕೂರುವ ರಸ್ತೆಯನ್ನು ನೋಡಿದ್ದು ಇದೇ ಮೊದಲು. ಅದನ್ನು ಇಲ್ಲಿಗೆ ತಂದವಳು ನೀನು. ನನಗೆ ಹೆಮ್ಮೆಯಾಯಿತು, ಬಾಯಿಬಿಟ್ಟೇ ಹೇಳುತ್ತೇನೆ.

ನನ್ನ ಅಭಿಪ್ರಾಯ ಕೇಳಿದ್ದೀ. ಬಸವರಾಜನ ಜಾಗದಲ್ಲಿ ನಾನಿದ್ದರೂ ಸಿಮೆಂಟ್ ಸುರಿಸುತ್ತಿದ್ದೆ. ನನ್ನ ಹುಡುಗರ ಕೈಯಲ್ಲಿ ಇನ್ನೂ ಒಂದು ಚೀಲ ಹೆಚ್ಚು ಹಾಕಿಸುತ್ತಿದ್ದೆ. ಪುಸ್ತಕ ಓದುವವನು ಡಚ್ಚನಲ್ಲ, ನನ್ನಂಥವನು. ಆ ವಾಕ್ಯ ಇರಲೇಬೇಕು. ನಿನ್ನ ರಘುನಂದನ್ ಸಾಹೇಬರಿಗೂ ಅವರದೇ ಕಷ್ಟ ಇದೆ, ಅವರ ಬೆನ್ನ ಹಿಂದೆ ಏನೂ ಮಾಡಬೇಡ. ಪುಸ್ತಕ ಬರೆದ ಮನುಷ್ಯನನ್ನೇ ಕೇಳು. ಅವನು ಬದುಕಿದ್ದಾನೆ ತಾನೆ?

ನಿನ್ನ ಮಾವ,
ಕರುಂಬಯ್ಯ


ಮಯೂರ್ ವಿಹಾರ್
8 ಸೆಪ್ಟೆಂಬರ್ 2024

ಮಾವ,

ನೀವು ಬಂದು ಹೋದದ್ದನ್ನು ಬಸವರಾಜ ಅಂದೇ ಹೇಳಿದ್ದ. "ನಿಮ್ಮ ಮಾವಾರು ಭಾಳ ದೊಡ್ಡ ಮನಷ್ಯಾರ್ರೀ, ನೆಲದಾಗ ಕುಂತು ಉಂಡ್ರು" ಎಂದ. ನಾನು ತಿದ್ದಲಿಲ್ಲ. ನೀವು ಈಗ ನನಗೆ ಏನು ಆಗಬೇಕು ಎಂದು ಅವನಿಗೆ ಹೇಗೆ ವಿವರಿಸಲಿ?

ಹೋದ ವಾರ ಓಣಿಯ ಕೆಳಗಿನ ನೀರಿನ ಪೈಪು ಒಡೆಯಿತು. ಹೇಳಿ ಮಾಡಿಸಿದ ಹಾಗೆ ಎರಡು ಭಾಗ ಸೇರುವ ಕಡೆಯೇ. ಸಿಮೆಂಟಿನ ಕಡೆ ಡ್ರಿಲ್ ತರಿಸಿ ಒಡೆದರು. ಇಟ್ಟಿಗೆಗಳು ಚೂರಾದವು, ಒಂದೂ ವಾಪಸು ಬರಲಿಲ್ಲ. ಮರಳಿನ ಕಡೆ ಬಸವರಾಜ ಒಂದು ಇಟ್ಟಿಗೆಯನ್ನು ಎಬ್ಬಿಸಿ ತೆಗೆದ, ಉಳಿದವನ್ನು ಕೈಯಿಂದಲೇ ಎತ್ತಿ ಪಕ್ಕದಲ್ಲಿ ಜೋಡಿಸಿದ. ಪೈಪು ಸರಿಯಾದ ಮೇಲೆ ಅದೇ ಇಟ್ಟಿಗೆ ಅದೇ ಜಾಗದಲ್ಲಿ ಕೂತವು. ಅಗೆದದ್ದು ಎಲ್ಲಿ ಎಂದು ಹುಡುಕಿದರೂ ಸಿಗುವುದಿಲ್ಲ. ದೆಹಲಿಯಲ್ಲಿ ಅಗೆದ ಗುರುತಿಲ್ಲದ ರಸ್ತೆ ಮಾವ, ನೀವೇ ಯೋಚಿಸಿ. ಬಸವರಾಜ ಕೈ ಒರೆಸಿಕೊಂಡು, "ನಾ ಮಾಡಿದ್ದು ತಪ್ಪಾತು ಬಿಡ್ರಿ" ಎಂದ. ರಘುನಂದನ್ ಸರ್ ಎರಡೂ ಕಡೆ ಓಡಾಡಿ ನೋಡಿ ಒಳಗೆ ಹೋದರು.

ನೀವು ಹೇಳಿದಂತೆ ಪುಸ್ತಕ ಬರೆದವರಿಗೆ, ಸರ್ ಮೂಲಕವೇ, ಬರೆದಿದ್ದೆ. ಉತ್ತರ ಬಂತು. "ಮರಳಿನ ಸಂದಿಗೆ ಸಿಮೆಂಟ್ ಸುರಿಯುವವರು ಇರಬಹುದು ಎಂದು ನನಗೆ ಹೊಳೆದಿರಲೇ ಇಲ್ಲ. ನನಗೆ ಗೊತ್ತಿದೆ ಎಂದ ಮಾತ್ರಕ್ಕೆ ಎಲ್ಲರಿಗೂ ಗೊತ್ತಿದೆ ಎಂದುಕೊಂಡೆ. ದಯವಿಟ್ಟು ಸೇರಿಸಿ. ಇನ್ನೂ ಏನೇನು ಹೇಳದೆ ಬಿಟ್ಟಿದ್ದೇನೆ ಎಂದು ನೋಡಿ ತಿಳಿಸಿ." ಅಷ್ಟು ದೊಡ್ಡ ಕೆಲಸಗಾರ ಇಷ್ಟು ಸಲೀಸಾಗಿ ಹೀಗೆ ಬರೆದನಲ್ಲ ಎಂದು ನನಗೆ ಅವನ ಮೇಲೆ ಗೌರವ ದುಪ್ಪಟ್ಟಾಯಿತು. ರಘುನಂದನ್ ಸರ್ ವಾಕ್ಯವನ್ನು ತಾವೇ ದಪ್ಪ ಅಕ್ಷರದಲ್ಲಿ ಹಾಕಿಸಿದರು. ನನ್ನ ಕೆಲಸ ಇನ್ನು ಮೂರು ವರ್ಷಕ್ಕೆ ಖಾಯಂ.

ಇದೇ ಲಕೋಟೆಯಲ್ಲಿ ಅತ್ತೆಗೆ ಒಂದು ಕಾಗದ ಇದೆ. ನೀವು ಓದಿ ಹೇಳುವುದು ಬೇಡ, ಅವರ ಕೈಗೇ ಕೊಡಿ. ಓದುವುದು ಬಿಡುವುದು ಅವರಿಗೆ ಸೇರಿದ್ದು.

ನಿಮ್ಮ,
ಜೀವಿತಾ


ಮಯೂರ್ ವಿಹಾರ್
8 ಸೆಪ್ಟೆಂಬರ್ 2024

ಅತ್ತೆ,

ನಿಮಗೆ ಬರೆಯುವ ಧೈರ್ಯ ಇಷ್ಟು ದಿನ ಬರಲಿಲ್ಲ. ಕಡಂಬುಟ್ಟಿನ ವಿಷಯ ಮಾವ ಬರೆದಿದ್ದರು, ಅದರಿಂದ ಸ್ವಲ್ಪ ಬಂತು.

ತನ್ಮಯ್ ಕೆಟ್ಟವನಲ್ಲ. ನಾನೂ ಅಲ್ಲ ಎಂದುಕೊಂಡಿದ್ದೇನೆ. ಒಂದೇ ಮನೆಯಲ್ಲಿ ಇಬ್ಬರೂ ದಿನದಿನಕ್ಕೆ ಸಣ್ಣವರಾಗುತ್ತಿದ್ದೆವು. ಅದಕ್ಕಿಂತ ಹೆಚ್ಚು ನಾನು ಹೇಳುವುದಿಲ್ಲ, ಅವನೂ ಹೇಳದಿರುವುದು ನನಗೆ ಸಮಾಧಾನ. ಮದುವೆಯಾದ ಹೊಸದರಲ್ಲಿ ನೀವು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಿಟ್ಟು ಉಂಡೆ ಕಟ್ಟುವುದನ್ನು ಕಲಿಸಿದಿರಿ. ತಿಪಟೂರಿನವಳಿಗೆ ಇದೆಲ್ಲ ಎಲ್ಲಿ ಬರಬೇಕು ಎಂದು ನಿಮ್ಮ ಕಡೆಯವರು ನಕ್ಕಾಗ, ಅವಳ ಕೈ ನನ್ನ ಕೈಗಿಂತ ಚೆನ್ನಾಗಿದೆ ಎಂದಿರಿ. ನನ್ನ ತಾಯಿ ಕೂಡ ನನ್ನ ಪರವಾಗಿ ಹಾಗೆ ಮಾತಾಡಿದ್ದಿಲ್ಲ.

ಒಂದು ಮಾತನ್ನು ನಾನು ನಿಮಗೆ ಹೇಳಲೇ ಇಲ್ಲ. ನಿಮಗೆ ಗೊತ್ತಿದೆ ಎಂದುಕೊಂಡಿದ್ದೆ. ನಾನು ತನ್ಮಯ್‌ನನ್ನು ಬಿಟ್ಟೆ. ನಿಮ್ಮನ್ನು ಬಿಡಲಿಲ್ಲ.

ಧನ್ಯಾ ಬಂದ ಮೇಲೆ ಕಾಗದ ನಿಲ್ಲಬೇಕು ಎಂದಿದ್ದೀರಿ. ನೀವು ಹೇಳಿದರೆ ನಿಲ್ಲಿಸುತ್ತೇನೆ. ನನಗೆ ಇಷ್ಟವಿಲ್ಲದೆ ನಿಲ್ಲಿಸುತ್ತೇನೆ ಎನ್ನುವುದು ಮಾತ್ರ ನಿಮಗೆ ತಿಳಿದಿರಲಿ.

ಜೀವಿತಾ


ಪೀತಮ್‌ಪುರ
20 ಅಕ್ಟೋಬರ್ 2024

ಪ್ರೀತಿಯ ಜೀವಿತಾ,

ನಿನ್ನ ಕೆಲಸದ ಸುದ್ದಿ ಓದಿ ಕಾಲೊನಿಯ ಸಭೆಯಲ್ಲಿ ಎಲ್ಲರಿಗೂ ಹೇಳಿದೆ. ನಮ್ಮ ಬ್ಲಾಕಿನ ಮುಂದಿನ ರಸ್ತೆಯನ್ನೂ ಹಾಗೇ ಮಾಡಿಸೋಣ ಎಂದು ಒಬ್ಬರು ಎದ್ದು ನಿಂತರು. ಮರಳನ್ನು ಯಾರಾದರೂ ಕದ್ದುಕೊಂಡು ಹೋದರೆ ಎಂದು ಇನ್ನೊಬ್ಬರು ಕೂತಲ್ಲೇ ಕೇಳಿದರು. ಚರ್ಚೆ ಮುಂದಿನ ತಿಂಗಳಿಗೆ ಹೋಗಿದೆ.

ಚಿಣ್ಣಮ್ಮನಿಗೆ ನೀನು ಬರೆದ ಕಾಗದ ಅವಳ ಕೈಗೇ ಕೊಟ್ಟೆ. ಕನ್ನಡಕ ಹಾಕಿಕೊಂಡು ಬಾಲ್ಕನಿಗೆ ಹೋದಳು. ಬಹಳ ಹೊತ್ತಿನ ಮೇಲೆ ಬಂದು ಚಹಾ ಮಾಡಿದಳು, ಸಕ್ಕರೆ ಹಾಕಲು ಮರೆತಿದ್ದಳು. ನಾನು ಹಾಗೇ ಕುಡಿದೆ. ಇವತ್ತಿನ ತನಕ ಆ ವಿಷಯ ಒಂದು ಮಾತೂ ಆಡಿಲ್ಲ. ತಿಂಗಳ ಮೇಲಾಯಿತು. ನಿನಗೆ ಕಾಯುವುದು ಕಷ್ಟ ಎಂದು ಗೊತ್ತು. ನನಗೂ ಕಷ್ಟವಾಗಿದೆ.

ನಿನ್ನ ಮಾವ,
ಕರುಂಬಯ್ಯ


ಪೀತಮ್‌ಪುರ
2 ಡಿಸೆಂಬರ್ 2024

ಜೀವಿತಾ,

ನಾನು ಕಾಗದ ಬರೆದು ಎಷ್ಟೋ ವರ್ಷವಾಯಿತು. ಅಕ್ಷರ ಓರೆಕೋರೆ ಆಗಿದ್ದರೆ ನೀನೇ ಸರಿ ಮಾಡಿಕೊಂಡು ಓದು, ನಿನ್ನ ಕೆಲಸವೇ ಅದಂತೆ.

ನಿನ್ನ ಕಾಗದ ಬಂದು ಇಷ್ಟು ದಿನ ಉತ್ತರ ಬರೆಯಲಿಲ್ಲ. ಸಿಟ್ಟಿನಿಂದಲ್ಲ. "ನಿಮಗೆ ಗೊತ್ತಿದೆ ಎಂದುಕೊಂಡಿದ್ದೆ" ಎಂದು ಬರೆದಿದ್ದೀಯಲ್ಲ. ನನಗೆ ಗೊತ್ತಿರಲಿಲ್ಲ. ನೀನು ನಮ್ಮೆಲ್ಲರನ್ನೂ ಒಟ್ಟಿಗೇ ಬಿಟ್ಟೆ ಎಂದೇ ನಾನು ತಿಳಿದುಕೊಂಡಿದ್ದೆ. ಮಾವನಿಗೆ ಕಾಗದ ಬಂದಾಗಲೆಲ್ಲ ನನಗೆ ಯಾಕಿಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು. ನಿಲ್ಲಿಸಬೇಕು ಎಂದದ್ದು ಅದಕ್ಕೇ. ಧನ್ಯಾಳ ಹೆಸರು ಹೇಳಿದ್ದು ನೆಪಕ್ಕೆ. ಇದನ್ನು ನಿನ್ನ ಮಾವನಿಗೆ ಹೇಳಬೇಡ, ಅವರು ಇನ್ನೂ ನನ್ನ ವಾದದಲ್ಲಿ ತಪ್ಪು ಹುಡುಕುತ್ತಾ ಇದ್ದಾರೆ.

ಈ ತಿಂಗಳ ಹದಿನಾಲ್ಕಕ್ಕೆ ನಮ್ಮ ಪುತ್ತರಿ, ಸುಗ್ಗಿಯ ಹಬ್ಬ. ಮಾಚಯ್ಯ ಊರಿನಿಂದ ಹೊಸ ಭತ್ತದ ಕದಿರು ತರುತ್ತಾನೆ. ಕದಿರು ಮನೆಯೊಳಗೆ ಬರುವಾಗ ಮನೆಯವರೆಲ್ಲ ಇರಬೇಕು, ನಿನಗೆ ಗೊತ್ತಲ್ಲ. ಅಥವಾ ಗೊತ್ತಿಲ್ಲವೇನೋ, ಅದಕ್ಕೆ ಬರೆಯುತ್ತಿದ್ದೇನೆ. ಬೆಳಗ್ಗೆಯೇ ಬಾ. ಹಬ್ಬದ ಸಿಹಿ ತಂಬುಟ್ಟಿಗೆ ಬಾಳೆಹಣ್ಣು ಕಿವುಚಲು ನನ್ನ ಕೈಗೆ ಶಕ್ತಿ ಸಾಲುವುದಿಲ್ಲ. ಸ್ವೆಟರ್ ಹಾಕಿಕೊಂಡು ಬಾ, ನಮ್ಮ ಕಡೆ ಚಳಿ ಜಾಸ್ತಿ. ರಾತ್ರಿ ಇಲ್ಲೇ ಇದ್ದುಬಿಡು.

ನಿನ್ನನ್ನು ಹಬ್ಬಕ್ಕೆ ಕರೆಯುತ್ತಿದ್ದೇನೆ ಎಂದು ತನ್ಮಯ್‌ಗೂ ಧನ್ಯಾಗೂ ನಿನ್ನೆ ಫೋನಿನಲ್ಲಿ ಹೇಳಿದೆ. ಅವರು ಬರುವುದು ಹಬ್ಬ ಮುಗಿದು ವಾರದ ಮೇಲೆ, ನಿನಗೆ ಮುಜುಗರ ಬೇಡ. ಆ ಹುಡುಗಿಯೇ ಕೇಳಿದಳು, "ಆಂಟಿ, ನಾನು ಅವರನ್ನು ಏನಂತ ಕರೀಲಿ?" ಅಂತ. ಒಳ್ಳೆಯ ಹುಡುಗಿ, ನೇರವಾಗಿ ಕೇಳುತ್ತಾಳೆ. ನಾನು ಯೋಚನೆ ಮಾಡಲಿಲ್ಲ. "ತನ್ಮಯ್ ನಮ್ಮ ಮಗ, ಜೀವಿತಾ ನಮ್ಮ ಮಗಳು. ನಿನಗಿಂತ ದೊಡ್ಡವಳು, ಅಕ್ಕ ಅನ್ನು" ಅಂದೆ.

ನಿನ್ನ ಅತ್ತೆ,
ಚಿಣ್ಣಮ್ಮ